ತಮ್ಮಾ, ಮೊದಲು ತೂಕ ಕೇಳು

ತಮ್ಮಾ, ನಿನ್ನ ಮೆಸೇಜು ರಾತ್ರಿಯೇ ನೋಡಿದೆ. ಏಪ್ರಿಲ್‌ನಿಂದ ಹಳೇ ಕನೂ, ಅದೇ ಹುಟ್ಟು ಹಾಕುವ ಉದ್ದನೆಯ ಸಪೂರ ದೋಣಿ, ಹುಡುಕುತ್ತಿದ್ದೀಯ, ಒಳ್ಳೆಯದು ಕಂಡರೆ ಒಂದು ಗಂಟೆಯಲ್ಲಿ ಮಾರಿಹೋಗಿರುತ್ತದೆ, ಉಳಿದಿದ್ದು ನೋಡಲು ಹೋದರೆ ಬರೆದಿದ್ದೇ ಒಂದು ಇರುವುದೇ ಒಂದು, ಸಾಕಾಗಿಹೋಗಿದೆ ಅಂತ ಬರೆದಿದ್ದೆ. ಅದಕ್ಕೆ ಅಣ್ಣ "ಅಂಗಡಿಯಲ್ಲಿ ಹೊಸ ಪ್ಲಾಸ್ಟಿಕ್ಕಿನದು ತಗೊಂಡು ಮುಗಿಸು" ಅಂದರು. ಅತ್ತಿಗೆ "ಅಲ್ಯೂಮಿನಿಯಂ ತಗೋ, ಜನ್ಮಕ್ಕೆ ಸಾಕು" ಅಂದರು. ಇಬ್ಬರೂ ನಿನ್ನ ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೆ ನೀನು ಮುಂದಿನ ಜುಲೈಗೆ ಹೆಂಡತಿ, ಆರು ವರ್ಷದ ಮಗಳನ್ನು ಕರೆದುಕೊಂಡು ಉತ್ತರ ಮಿನ್ನೆಸೋಟದ ಬೌಂಡರಿ ವಾಟರ್ಸ್‌ಗೆ ಹೋಗಬೇಕು ಅಂತ ಬರೆದಿದ್ದೀಯಲ್ಲ, ಆ ಸಾಲು ಯಾರೂ ಓದಿದ ಹಾಗಿಲ್ಲ. ಇದನ್ನು ಟೈಪ್ ಮಾಡಿ ಮುಗಿಯುವುದಿಲ್ಲ, ಮಾತಿನಲ್ಲೇ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ.

ಮೊದಲು ಒಂದು ಮಾತು. ನಿನ್ನ ಸಿಟ್ಟು ನ್ಯಾಯವಾದದ್ದು. ಈ ಮಿನ್ನೆಸೋಟದಲ್ಲಿ ಮನೆಗೊಂದು ಕನೂ ಇದೆ ಅನ್ನಿಸುತ್ತದೆ, ಗ್ಯಾರೇಜಿನಲ್ಲಿ, ಹಿತ್ತಲಲ್ಲಿ, ಬೇಲಿ ಪಕ್ಕ. ಆದರೂ ಕೊಳ್ಳಲು ಹೋದರೆ ಇಷ್ಟು ಕಷ್ಟ. ಮಾರ್ಕೆಟ್‌ಪ್ಲೇಸ್‌ನಲ್ಲಿ ಒಂದೇ ಒಂದು ಫೋಟೋ ಹಾಕಿರುತ್ತಾರೆ, ಅದರಲ್ಲೂ ದೋಣಿ ಹುಲ್ಲಿನ ಮೇಲೆ ಬೋರಲು ಬಿದ್ದಿರುತ್ತದೆ, ಅರ್ಧ ಟಾರ್ಪಾಲಿನ ಒಳಗೆ. ಎಷ್ಟು ಉದ್ದ, ಯಾವ ಕಂಪನಿ, ಯಾವುದರಿಂದ ಮಾಡಿದ್ದು, ತೂಕ ಎಷ್ಟು, ಏನೂ ಬರೆದಿರುವುದಿಲ್ಲ. ಒಳಗಿನ ಫೋಟೋ ಕಳಿಸಿ ಅಂದರೆ "ಬಂದು ನೋಡಿ" ಅನ್ನುತ್ತಾರೆ. ಬರುತ್ತೇವೆ, ಶನಿವಾರದವರೆಗೆ ಇಟ್ಟಿರಿ ಅಂದರೆ "ಮೊದಲು ಬಂದವರಿಗೆ" ಅನ್ನುತ್ತಾರೆ. ಹಿಂದೆ ನಾವು ಹುಡುಕುವಾಗ ಬ್ರೈನರ್ಡ್ ಕಡೆಯ ಒಬ್ಬರು ಬನ್ನಿ ಬನ್ನಿ ಅಂತ ಅಡ್ರೆಸ್ ಕೊಟ್ಟರು. ಎರಡು ಗಂಟೆಗೂ ಜಾಸ್ತಿ ಗಾಡಿ ಓಡಿಸಿ ಅವರ ಮನೆ ತಿರುವಿಗೆ ಬಂದಾಗ ಮೆಸೇಜು ಬಂತು, ಮಾರಿಹೋಯಿತು ಅಂತ. ಹೊರಡುವ ಮೊದಲೇ ಇನ್ನೊಬ್ಬರಿಗೂ ಬನ್ನಿ ಅಂದಿದ್ದರಂತೆ. ಅಷ್ಟು ಹೇಳಿದ್ದರೆ ನಾವು ಹೊರಡುತ್ತಲೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು, ಗಾಡಿಯ ಮೇಲೆ ಖಾಲಿ ರ್‍ಯಾಕ್. ನಿನ್ನ ಭಾವ ಒಂದು ಮಾತೂ ಆಡದೆ ಗಾಡಿ ತಿರುಗಿಸಿದರು. ಒಬ್ಬರ ಇಡೀ ಭಾನುವಾರವನ್ನು ಹೀಗೆ ಹಾಳು ಮಾಡುವುದು ತಪ್ಪು, ಇದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ಇನ್ನೊಂದು ಥರದವರು ಇದ್ದಾರೆ, ಹುಷಾರು. ಕೆವ್ಲಾರ್ ಅನ್ನುವ ಹಗುರ, ಗಟ್ಟಿ ನಾರಿನಿಂದ ಮಾಡಿದ ಚಂದದ ಕನೂ, ಐದು ಆರು ಫೋಟೋ, ಬೆಲೆ ಮಾತ್ರ ಅರ್ಧಕ್ಕರ್ಧ ಕಮ್ಮಿ. "ತುಂಬಾ ಜನ ಕೇಳುತ್ತಿದ್ದಾರೆ, ದುಡ್ಡು ಕಳಿಸುವ ಆ ಝೆಲ್‌ನಲ್ಲಿ ಅಡ್ವಾನ್ಸ್ ಹಾಕಿದರೆ ನಿಮಗೇ ಇಡುತ್ತೇನೆ" ಅನ್ನುತ್ತಾರೆ. ಆ ಫೋಟೋ ಬೇರೆ ಯಾರದ್ದೋ ಹಳೇ ಪೋಸ್ಟಿನಿಂದ ಎತ್ತಿದ್ದು. ದೋಣಿಯನ್ನು ಕೈಯಿಂದ ಮುಟ್ಟುವ ತನಕ ಒಂದು ಡಾಲರೂ ಕಳಿಸಬೇಡ. ಯಾರೇ ಆಗಲಿ, ಎಷ್ಟೇ ಸಂಭಾವಿತರ ಥರ ಮಾತಾಡಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಬೆಲೆ ಕೇಳುತ್ತಾರೆ, ನೀನು ಮೊದಲು ತೂಕ ಕೇಳು. ಬೌಂಡರಿ ವಾಟರ್ಸ್ ಅಂದರೆ ಹತ್ತು ಲಕ್ಷ ಎಕರೆಗೂ ಜಾಸ್ತಿ ಕಾಡು, ಸಾವಿರಕ್ಕೂ ಹೆಚ್ಚು ಲೇಕ್‌ಗಳು, ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ಮಧ್ಯೆ ಇರುವುದು ಪೋರ್ಟೇಜ್, ಅಂದರೆ ದೋಣಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ನಡುವಿನ ನೊಗವನ್ನು ಹೆಗಲಿಗೆ ಕೊಟ್ಟು ನಡೆಯುವ ಕಾಲುದಾರಿ. ಮ್ಯಾಪಿನಲ್ಲಿ ಅದನ್ನು ರಾಡ್ ಲೆಕ್ಕದಲ್ಲಿ ಬರೆದಿರುತ್ತಾರೆ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ. 160 ರಾಡ್ ಅಂತ ಇದ್ದರೆ ಅರ್ಧ ಮೈಲಿ ಅಂತ ತಿಳಿದುಕೋ. ಕಲ್ಲು, ಬೇರು, ಕೆಸರು, ಸೊಳ್ಳೆ. ಸೊಳ್ಳೆ ಹೊಡೆಯಲು ಕೈ ಖಾಲಿ ಇರುವುದಿಲ್ಲ. ಅಂಥ ದಾರಿಯಲ್ಲಿ 42 ಪೌಂಡಿನ ದೋಣಿಗೂ 85 ಪೌಂಡಿನ ದೋಣಿಗೂ ಇರುವ ವ್ಯತ್ಯಾಸ ಎಷ್ಟು ಅಂತ ಗ್ಯಾರೇಜಿನಲ್ಲಿ ನಿಂತು ಗೊತ್ತಾಗುವುದಿಲ್ಲ.

ಅದಕ್ಕೇ ಅಣ್ಣನ ಮಾತು ನಿನಗೆ ಹೊಂದುವುದಿಲ್ಲ. ಪಾಲಿಎಥಿಲೀನ್ ಪ್ಲಾಸ್ಟಿಕ್ ಕನೂ ಗಟ್ಟಿ ಇರುತ್ತದೆ, ಕಲ್ಲಿಗೆ ಬಡಿದರೂ ಚಿಂತೆ ಇಲ್ಲ, ಲೇಕ್ ಹ್ಯಾರಿಯೆಟ್‌ನಲ್ಲೋ ಕ್ಯಾನನ್ ನದಿಯಲ್ಲೋ ಸುತ್ತಾಡಲು ಚೆನ್ನಾಗಿದೆ. ಆದರೆ ಇಬ್ಬರು ಕೂರುವ ಹದಿನಾರು ಹದಿನೇಳು ಅಡಿಯದ್ದು 80, 90 ಪೌಂಡ್ ತನಕ ಹೋಗುತ್ತದೆ. ಬಿಸಿಲಿನಲ್ಲಿ ವರ್ಷಗಟ್ಟಲೆ ಇಟ್ಟರೆ ತಳ ಸೊಟ್ಟಗಾಗಿ ಅಲೆಅಲೆಯಾಗಿರುತ್ತದೆ, ಹುಟ್ಟು ಹಾಕಿದಷ್ಟೂ ನೀರು ಹಿಡಿದು ಎಳೆದ ಹಾಗೆ ಆಗುತ್ತದೆ.

ಅತ್ತಿಗೆ ಹೇಳಿದ ಅಲ್ಯೂಮಿನಿಯಂ ಬಗ್ಗೆ ನನಗೆ ನಿಜವಾಗಿಯೂ ಗೌರವ ಇದೆ. ಯುದ್ಧವಿಮಾನ ಮಾಡುತ್ತಿದ್ದ ಗ್ರಮ್ಮನ್ ಕಂಪನಿಯವರು ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಅದೇ ಲೋಹದಲ್ಲಿ ಕನೂ ಮಾಡಲು ಶುರು ಮಾಡಿದರು. ಅವರ ಹಳೆಯ ದೋಣಿಗಳು ಇವತ್ತಿಗೂ ನೀರಿನ ಮೇಲಿವೆ. ಹೊರಗೆ ಹಿಮದಲ್ಲಿ ಬಿಟ್ಟರೂ ಏನೂ ಆಗುವುದಿಲ್ಲ, ಬೆಲೆಯೂ ಕೆಲವು ನೂರು ಡಾಲರಿನ ಒಳಗೇ ಸಿಗುತ್ತದೆ. ಆದರೆ ಹದಿನೇಳು ಅಡಿಯದ್ದು 75 ಪೌಂಡ್. ಕಲ್ಲಿಗೆ ತಾಗಿದರೆ ಜಾರುವುದಿಲ್ಲ, ಅಲ್ಲೇ ಹಿಡಿದುಕೊಳ್ಳುತ್ತದೆ. ನಿನ್ನ ಬಜೆಟ್ ಅಷ್ಟೇ ಅಂತಾದರೆ ಇದನ್ನೇ ತಗೋ, ಪ್ಲಾಸ್ಟಿಕ್ಕಿಗಿಂತ ಸಾವಿರ ಪಾಲು ಮೇಲು. ನೋಡಲು ಹೋದಾಗ ಎರಡು ಸ್ಟೂಲಿನ ಮೇಲೆ ಇಟ್ಟು ಒಳಗೆ ಒಂದೆರಡು ಬಕೆಟ್ ನೀರು ಸುರಿಸು, ಕೆಳಗೆ ಕೂತು ರಿವೆಟ್ ಸಾಲು ನೋಡು. ಎಲ್ಲಿ ಜಿನುಗುತ್ತದೋ ಅಲ್ಲಿ ಸೋರಿಕೆ. ಮಾರುವವರು ಬೇಡ ಅಂದರೆ ಅದೇ ಉತ್ತರ ಅಂದುಕೋ.

ನಿನಗೆ ಬೇಕಾಗಿರುವುದು ಕೆವ್ಲಾರ್. ಹದಿನೇಳರಿಂದ ಹದಿನೆಂಟೂವರೆ ಅಡಿ, ಮಗಳು ನಡುವೆ ಕೂರಲು ಜಾಗ, ತೂಕ ನಲವತ್ತು ನಲವತ್ತೈದು ಪೌಂಡ್ ಆಸುಪಾಸು. ವಿನೋನಾ ಊರಿನಲ್ಲೇ ಮಾಡುವ ವೆನೋನಾ ಕಂಪನಿಯ ಮಿನ್ನೆಸೋಟ ಟೂ ಅಂತ ಒಂದು ಮಾಡೆಲ್ ಇದೆ, ಉತ್ತರದ ಲೇಕ್‌ಗಳಲ್ಲಿ ಎಲ್ಲಿ ನೋಡಿದರೂ ಅದೇ ಕಾಣುತ್ತದೆ. ಹೊಸದು ಮೂರು ಸಾವಿರ ಡಾಲರಿಗೂ ಜಾಸ್ತಿ. ಅದಕ್ಕೇ ಎಲ್ಲರೂ ಹಳೆಯದಕ್ಕೆ ಮುಗಿಬೀಳುತ್ತಾರೆ, ನಿನಗೆ ಸಿಗದೇ ಇರುವುದಕ್ಕೆ ಕಾರಣ ಅದೇ.

ಇಲ್ಲೇ ಮೋಸ ಹೋಗುವುದೂ ಜಾಸ್ತಿ. ಫೈಬರ್‌ಗ್ಲಾಸನ್ನೇ ಕೆವ್ಲಾರ್ ಅಂತ ಹಾಕಿರುತ್ತಾರೆ. ಕೆಲವರಿಗೆ ಅವರ ದೋಣಿ ಏನು ಅಂತ ಅವರಿಗೇ ಗೊತ್ತಿರುವುದಿಲ್ಲ, ಮಾವ ಬಿಟ್ಟುಹೋಗಿದ್ದು, ಮಾವ ಹಾಗೆ ಹೇಳುತ್ತಿದ್ದರು ಅನ್ನುತ್ತಾರೆ. ಒಳಗಡೆ ಬಣ್ಣ ಬಳಿದಿರದಿದ್ದರೆ ನೋಡು, ಕೆವ್ಲಾರ್ ನೇಯ್ಗೆ ಜೇನುಹಳದಿ ಬಣ್ಣದಲ್ಲಿ ಎದ್ದು ಕಾಣುತ್ತದೆ, ಬಿಸಿಲು ಜಾಸ್ತಿ ತಿಂದಿದ್ದರೆ ಕಂದು ತಿರುಗಿರುತ್ತದೆ. ಬಣ್ಣ ಬಳಿದಿದ್ದರೆ ತೂಗಿಬಿಡು. ಬಚ್ಚಲಿನ ತೂಕದ ಯಂತ್ರ ಗಾಡಿಯಲ್ಲಿ ಇಟ್ಟುಕೊಂಡು ಹೋಗು, ದೋಣಿ ಹೊತ್ತು ಅದರ ಮೇಲೆ ನಿಲ್ಲು, ನಿನ್ನ ತೂಕ ಕಳೆ. ಯಾರು ಏನೇ ಅಂದುಕೊಳ್ಳಲಿ. ಟೇಪು ಹಿಡಿದು ಉದ್ದವನ್ನೂ ಅಳೆ. ಹದಿನೇಳು ಅಡಿ ಅಂತ ಹಾಕಿದ್ದು ಹದಿನೈದೇ ಇರುವುದನ್ನು ನಾನೇ ನೋಡಿದ್ದೇನೆ.

ಆಮೇಲೆ ತಳ. ಹೊರಗಿನ ಗೀರು, ಜೇಡರ ಬಲೆಯಂಥ ಸಣ್ಣ ಬಿರುಕು, ಅದು ಮೇಲಿನ ಪದರದ್ದು, ಹೆದರಬೇಡ. ಅದೇ ಜಾಗವನ್ನು ಒಳಗಿನಿಂದ ನೋಡು. ಅಲ್ಲೂ ಬಿಳಿಚಿಕೊಂಡು ಒತ್ತಿದರೆ ಮೆತ್ತಗಿದ್ದರೆ ಅದು ಪೆಟ್ಟು. ಹಗುರ ಕೆವ್ಲಾರ್‌ನ ತಳದಲ್ಲಿ ಫೋಮ್ ಇರುತ್ತದೆ, ಒಂದು ಕ್ವಾರ್ಟರ್ ನಾಣ್ಯ ತೆಗೆದುಕೊಂಡು ಉದ್ದಕ್ಕೂ ತಟ್ಟುತ್ತಾ ಹೋಗು. ಸದ್ದು ಒಂದೇ ಥರ ಬರಬೇಕು. ಎಲ್ಲಾದರೂ ಮಂಕಾಗಿ ಡಬ್ ಅಂದರೆ ಅಲ್ಲಿ ಪದರ ಬಿಟ್ಟಿದೆ. ಮೇಲಂಚು ಮರದ್ದಾಗಿದ್ದರೆ ಎರಡೂ ತುದಿಗಳನ್ನು ಉಗುರಿನಿಂದ ಒತ್ತಿ ನೋಡು, ಕೊಳೆಯುವುದು ಅಲ್ಲಿಂದಲೇ ಶುರು. ನೊಗ ಇದೆಯಾ ನೋಡು. ಬರೀ ಅಡ್ಡಪಟ್ಟಿ ಹಾಕಿ ಕೊಡುವವರೂ ಇದ್ದಾರೆ, ಅದರ ಮೇಲೆ ಹೊತ್ತರೆ ಕುತ್ತಿಗೆ ಹೋಗುತ್ತದೆ.

ರಾಯಲೆಕ್ಸ್ ಅಂತಲೂ ತುಂಬಾ ಕಾಣುತ್ತದೆ, ಅದು ಪದರಪದರವಾದ ಒಂದು ಪ್ಲಾಸ್ಟಿಕ್ ಹಾಳೆ. ಒಳ್ಳೆಯ ವಸ್ತು, ಬಗ್ಗಿದರೂ ಮತ್ತೆ ನೆಟ್ಟಗಾಗುತ್ತದೆ, ಹರಿಯುವ ಹೊಳೆಗೆ ಅದೇ ಬೇಕು. ಆದರೆ ಆ ಹಾಳೆಯ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದಕ್ಕೇ ಹಳೆಯದಕ್ಕೂ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಯಾರಾದರೂ "ನಾಲ್ಕೈದು ವರ್ಷದ್ದು ಅಷ್ಟೇ, ರಾಯಲೆಕ್ಸ್" ಅಂದರೆ ಎರಡರಲ್ಲಿ ಒಂದು ಸುಳ್ಳು. ಹಿಂಭಾಗದ ಬಲಬದಿಯಲ್ಲಿ ಹನ್ನೆರಡು ಅಕ್ಷರ, ಅಂಕೆಗಳ ಒಂದು ನಂಬರ್ ಕೆತ್ತಿರುತ್ತದೆ. 1984ರ ನಂತರದ ದೋಣಿಯಾದರೆ ಅದರ ಕೊನೆಯ ಎರಡು ಅಂಕೆ ಮಾಡೆಲ್ ವರ್ಷ. ಹೊರಡುವ ಮೊದಲೇ ಆ ನಂಬರಿನ ಫೋಟೋ ಕಳಿಸಿ ಅಂತ ಕೇಳು. ನಿಜವಾಗಿ ಮಾರುವವರು ಕಳಿಸುತ್ತಾರೆ, ಕಳಿಸದವರ ಮನೆಗೆ ಹೋಗುವುದೇ ಬೇಡ. ಇದೊಂದರಿಂದಲೇ ನಿನ್ನ ಅರ್ಧ ಓಡಾಟ ತಪ್ಪುತ್ತದೆ. ಇನ್ನೊಂದು, ರಾಯಲೆಕ್ಸ್‌ಗೆ ಮರದ ಅಂಚಿದ್ದು ಚಳಿಗಾಲವಿಡೀ ಹೊರಗಿತ್ತು ಅಂದರೆ ಸ್ಕ್ರೂಗಳ ಹತ್ತಿರ ಸೀಳು ಬಿಟ್ಟಿರುತ್ತದೆ. ಚಳಿಗೆ ಹಾಳೆ ಕುಗ್ಗುತ್ತದೆ, ಮರ ಅಷ್ಟು ಕುಗ್ಗುವುದಿಲ್ಲ, ಹಾಗಾಗಿ.

ಕಾಗದಪತ್ರ ಮರೆಯಬೇಡ. ನಮ್ಮ ರಾಜ್ಯದಲ್ಲಿ ಹತ್ತು ಅಡಿಗಿಂತ ಉದ್ದದ ದೋಣಿಗೆ ಮೋಟಾರ್ ಇಲ್ಲದಿದ್ದರೂ ರಿಜಿಸ್ಟ್ರೇಷನ್ ಬೇಕು. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಕನೂಗೆ ಅದು ಬೇಡ. ಹಾಗಾಗಿ ಹಡ್ಸನ್ ಕಡೆಯಿಂದ ತಂದರೆ ಕಾರ್ಡ್ ಇರುವುದಿಲ್ಲ, ಗಾಬರಿಯಾಗಬೇಡ, ಮಾರಿದವರ ಸಹಿ ಇರುವ ಒಂದು ಚೀಟಿ ಬರೆಸಿಕೊಂಡು ಇಲ್ಲಿ ಮಾಡಿಸು. ಇಲ್ಲಿನವರದ್ದೇ ಆದರೆ ಕಾರ್ಡ್ ಕೇಳು, ಅದರಲ್ಲಿರುವ ಹೆಸರೂ ಮಾರುವವರ ಹೆಸರೂ ಒಂದೇನಾ ನೋಡು.

ನೀರಿಗೆ ಇಳಿಸಿ ನೋಡಲು ಬಿಡುವವರು ಸಿಕ್ಕರೆ ಪುಣ್ಯ. ಹೆಂಡತಿಯನ್ನೂ ಕರೆದುಕೊಂಡು ಹೋಗು, ಅವಳಿಗೂ ಕೂತು ನೋಡಬೇಕಲ್ಲ. ಹಂಪಿಯ ಹರಿಗೋಲಿನ ಹಾಗೆ ಅಗಲವಾಗಿ ಕೂರುವಂಥದ್ದಲ್ಲ ಇದು. ವೇಗದ ಕನೂಗಳು ಮೊದಲು ಹತ್ತಿದಾಗ ಅಲುಗಾಡುತ್ತವೆ, ಸಾಮಾನು ತುಂಬಿದ ಮೇಲೆ ನಿಲ್ಲುತ್ತವೆ. ಅವಳಿಗೆ ಹೆದರಿಕೆ ಆಯಿತೋ ಆ ದೋಣಿ ಬೇಡ, ಎಷ್ಟೇ ಅಗ್ಗವಿರಲಿ. ಹಾಂ, ಮಗಳಿಗೆ ಲೈಫ್ ಜಾಕೆಟ್ ಮಾತ್ರ ಹಳೆಯದು ತಗೋಬೇಡ. ಹತ್ತು ವರ್ಷದೊಳಗಿನ ಮಕ್ಕಳು ದೋಣಿ ನೀರಿನ ಮೇಲಿರುವಾಗ ಹಾಕಿಕೊಂಡಿರಲೇಬೇಕು, ಕಾನೂನೇ ಇದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಅಂದರೆ ನೀನು ಹುಡುಕುತ್ತಿರುವ ಕಾಲ. ಏಪ್ರಿಲ್, ಮೇನಲ್ಲಿ ಮಂಜು ಕರಗಿದ ಕೂಡಲೇ ಇಡೀ ರಾಜ್ಯಕ್ಕೆ ದೋಣಿ ನೆನಪಾಗುತ್ತದೆ, ಬೆಲೆ ಏರುತ್ತದೆ. ಈಗ ಬಿಟ್ಟುಬಿಡು. ಬೌಂಡರಿ ವಾಟರ್ಸ್ ಪಕ್ಕದ ಈಲೀ ಊರಿನಲ್ಲಿ ದೋಣಿ ಬಾಡಿಗೆಗೆ ಕೊಡುವ ಔಟ್‌ಫಿಟರ್‌ಗಳಿದ್ದಾರೆ, ಅವರು ಒಂದೆರಡು ಸೀಸನ್ ಓಡಿಸಿದ ಕೆವ್ಲಾರ್ ಕನೂಗಳನ್ನು ಶರತ್ಕಾಲದಲ್ಲಿ ಮಾರುತ್ತಾರೆ. ಗೀರು ಇರುತ್ತದೆ, ತೇಪೆಯೂ ಇರಬಹುದು, ಆದರೆ ಎಲ್ಲಿ ಏನು ರಿಪೇರಿ ಆಗಿದೆ ಅಂತ ಅವರಿಗೆ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾರೆ. ಮಾಡೆಲ್, ತೂಕ, ವರ್ಷ ಎಲ್ಲ ಸ್ಪಷ್ಟ. ಖಾಸಗಿಯವರ ಹತ್ತಿರ ಸಿಗುವುದಕ್ಕಿಂತ ಸ್ವಲ್ಪ ಜಾಸ್ತಿ ಆದರೂ ಕೊಡು, ನನ್ನ ಅಭಿಪ್ರಾಯ ಅದು. ಆಗಸ್ಟ್‌ನಲ್ಲೇ ಫೋನ್ ಮಾಡಿ ಹೆಸರು ಬರೆಸು, ಸೆಪ್ಟೆಂಬರ್ ತನಕ ಕಾಯಬೇಡ, ಒಳ್ಳೆಯವು ಮೊದಲೇ ಹಂಚಿಹೋಗುತ್ತವೆ. ಈ ಬೇಸಿಗೆಗೆ ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಗೋ, ಬೇರೆಬೇರೆ ಮಾಡೆಲ್ ಹತ್ತಿ ನೋಡು. ಹೊತ್ತೂ ನೋಡು, ಅದು ಮುಖ್ಯ. ಮುಂದಿನ ಜುಲೈಗೆ ಆ ಕಾಡಿನೊಳಗೆ ಹೋಗಲು ಪರ್ಮಿಟ್ ಬೇಕಲ್ಲ, ಅದರ ಬುಕಿಂಗ್ ಜನವರಿ ಕೊನೆಯಲ್ಲಿ ಶುರುವಾಗುತ್ತದೆ, ದೋಣಿಯ ಗಡಿಬಿಡಿಯಲ್ಲಿ ಅದನ್ನು ಬಿಟ್ಟುಬಿಟ್ಟೀಯ.

ನಮ್ಮ ಮನೆಯಲ್ಲಿ ರ್‍ಯಾಕ್‌ಗೆ ಹಾಕುವ ಫೋಮ್ ಬ್ಲಾಕು, ಕ್ಯಾಮ್ ಸ್ಟ್ರಾಪು, ಮುಂದೆ ಹಿಂದೆ ಕಟ್ಟುವ ಹಗ್ಗ ಎಲ್ಲ ಇದೆ, ತಗೊಂಡು ಹೋಗು. ರ್‍ಯಾಚೆಟ್ ಸ್ಟ್ರಾಪ್ ಬೇಡವೇ ಬೇಡ, ಜಾಸ್ತಿ ಬಿಗಿದು ದೋಣಿಯನ್ನೇ ಮುರಿದುಬಿಡುತ್ತದೆ. ಈಲೀಗೆ ಹೋಗುವುದು ಯಾವಾಗ ಅಂತ ಇಲ್ಲೇ ಗ್ರೂಪಿನಲ್ಲಿ ಹಾಕು. ಭಾವನಿಗೆ ಹೇಳಿದ್ದೇನೆ, ಜೊತೆಗೆ ಬರುತ್ತಾರಂತೆ.