ಮೆಟಲ್ಲಿನ ಮಡಿ

ಆಟಿ ತಿಂಗಳ ಮಳೆ. ಭಾನುವಾರ ಸಂಜೆ. ಮಲ್ಲಿಕಟ್ಟೆ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ನಾವು ನಾಲ್ಕು ಜನ ಗೋಳಿಬಜೆ ತಟ್ಟೆಯ ಸುತ್ತ ಕೂತಿದ್ದೆವು. ಭಟ್ಟ, ಶೆಟ್ಟಿ, ವಿಲ್ಲಿ ಮತ್ತು ನಾನು.

ಕಾಲೇಜಿನಲ್ಲಿದ್ದಾಗ ನಮ್ಮದೊಂದು ಮೆಟಲ್ ಬ್ಯಾಂಡ್ ಇತ್ತು. ಮೆಟಲ್ ಅಂದರೆ ಕಿವಿಗಡಚಿಕ್ಕುವ ರಾಕ್ ಸಂಗೀತ. ಹೆಸರು ಕೇಳಬೇಡಿ, ಈಗ ಹೇಳಲು ನಾಚಿಕೆ. ಭಟ್ಟ ಗಿಟಾರ್, ವಿಲ್ಲಿ ಡ್ರಮ್ಸ್, ನಾನು ಬೇಸ್. ಬೇಸ್ ನುಡಿಸುವವನ ಪಾಡು ಗೊತ್ತಲ್ಲ. ಇದ್ದರೆ ಕೇಳಿಸುವುದಿಲ್ಲ, ಇಲ್ಲದಿದ್ದರೆ ಕೇಳುವವರಿಲ್ಲ. ಅಮೆರಿಕದ ದೊಡ್ಡ ಮೆಟಲ್ ಬ್ಯಾಂಡ್ ಮೆಟಾಲಿಕಾದ 1988ರ ಆಲ್ಬಮ್ಮಿನಲ್ಲಿ ಬೇಸ್ ಎಲ್ಲಿದೆ ಎಂದು ಜನ ಇನ್ನೂ ಹುಡುಕುತ್ತಿದ್ದಾರೆ. ಅಂಥವರದ್ದೇ ಹಾಗಾದರೆ ನನ್ನದು ಯಾವ ಲೆಕ್ಕ? ಶೆಟ್ಟಿಗೆ ಏನೂ ನುಡಿಸಲು ಬರುತ್ತಿರಲಿಲ್ಲ. ಆದರೆ ಅವನ ಮನೆಯಲ್ಲಿ ಓಮ್ನಿ ಇತ್ತು. ಹಾಗಾಗಿ ಅವನೂ ಬ್ಯಾಂಡಿನಲ್ಲಿದ್ದ.

ಜಗಳ ಶುರುವಾದದ್ದು ವಿಲ್ಲಿಯ ಫೋನಿನಿಂದ. ಹಿಂದಿನ ವಾರ ಬಜ್ಪೆ ಕಡೆ ಒಂದು ರೋಸ್ ಕಾರ್ಯಕ್ರಮದಲ್ಲಿ, ಅಂದರೆ ಮಂಗಳೂರು ಕ್ರೈಸ್ತರ ಮದುವೆಯ ಮುಂಚಿನ ಶಾಸ್ತ್ರದಲ್ಲಿ, ನುಡಿಸಿದ್ದ. ಅದರ ವೀಡಿಯೊ ತೋರಿಸಿದ. ಮದುಮಗನ ತಲೆಗೆ ತೆಂಗಿನ ಹಾಲು ಸುರಿಯುತ್ತಿದ್ದಾರೆ, ಅಜ್ಜಿಯಂದಿರು ಬೈಲಾ ಕುಣಿಯುತ್ತಿದ್ದಾರೆ, ಮೂಲೆಯಲ್ಲಿ ವಿಲ್ಲಿ ಒಂದು ಕೀಬೋರ್ಡಿನ ಹಿಂದೆ ನಿಂತಿದ್ದಾನೆ. ತಾಳ ಕೀಬೋರ್ಡಿನಿಂದ ತನ್ನಷ್ಟಕ್ಕೆ ಬರುತ್ತಿದೆ. ವಿಲ್ಲಿಯ ಒಂದು ಕೈಯಲ್ಲಿ ಕಬಾಬು.

"ಡ್ರಮ್ಸ್ ಎಲ್ಲಿ?" ಭಟ್ಟ ಕೇಳಿದ.

"ಮಾರಿದೆ."

"ಡಬಲ್ ಪೆಡಲ್?"

"ಅದೂ ಒಟ್ಟಿಗೇ ಹೋಯ್ತು."

ಭಟ್ಟ ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ವಾಪಸ್ ಇಟ್ಟ. ಅವನು ಹಾಗೆ ಮಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು. "ನೀನೂ ಮಾರ್ಬಿಡ್ ಏಂಜಲ್ ಆದೆಯಲ್ಲ ಮಾರಾಯ."

"ಅದೆಂತದು? ಡೆಂಗೆ ಹಾಗೆ ಹೊಸ ಜ್ವರವಾ?" ಶೆಟ್ಟಿ ಕೇಳಿದ.

ಭಟ್ಟನಿಗೆ ಅಷ್ಟು ಸಾಕು. ಅವನು ಬ್ಯಾಂಕಿನವನು. ಮನೆ ಲೋನಿನ ಬಗ್ಗೆ ಕೇಳಿದರೆ ಎರಡು ಮಾತಿನಲ್ಲಿ ಮುಗಿಸುತ್ತಾನೆ. ಮೆಟಲ್ ಬಗ್ಗೆ ಕೇಳಿದರೆ ಮಾತ್ರ ಯಕ್ಷಗಾನದ ಹಾಗೆ ಚೌಕಿ ಪೂಜೆಯಿಂದ ಮಂಗಳದವರೆಗೆ ಪೂರ್ತಿ ಆಟ, ಕಾಲಮಿತಿ ಗಿಲಮಿತಿ ಇಲ್ಲ. ಅಡುಗೆಮನೆಯ ಮಡಿ ಬಿಟ್ಟು ಇಪ್ಪತ್ತು ವರ್ಷವಾಗಿದೆ. ಕಿವಿಯ ಮಡಿ ಬಿಟ್ಟಿಲ್ಲ. ಕೀಬೋರ್ಡ್ ಸೋಕಿದ ಹಾಡು ಕೇಳಿದರೆ ತಲೆಗೆ ಸ್ನಾನ ಮಾಡಬೇಕು ಎನ್ನುವ ಪೈಕಿ.

"ಅಮೆರಿಕದ ಫ್ಲೋರಿಡಾದ ಬ್ಯಾಂಡ್ ಅದು. ಡೆತ್ ಮೆಟಲ್, ಅಂದ್ರೆ ಗರ್ಜಿಸಿ ಹಾಡುವ ಮೆಟಲ್, ಬೆಳೆದದ್ದೇ ಅಲ್ಲಿ, ಟ್ಯಾಂಪಾ ಊರಿನ ಸುತ್ತ. 1989ರಲ್ಲಿ ಮೊದಲ ಆಲ್ಬಮ್, ಆಲ್ಟರ್ಸ್ ಆಫ್ ಮ್ಯಾಡ್ನೆಸ್. ಎ ಅಕ್ಷರ. ಎರಡನೆಯದು ಬಿ, ಮೂರನೆಯದು ಸಿ. ಆಮೇಲೂ ಅದೇ ಕ್ರಮ, ಲೈವ್ ಆಲ್ಬಮ್ ಲೆಕ್ಕ ಸೇರಿಸಿದರೆ ಒಂದು ಅಕ್ಷರ ತಪ್ಪಿಸಿಲ್ಲ."

"ಬಾಲವಾಡಿಯ ಹಾಗೆ."

"ಸುಮ್ನೆ ಕೇಳು. 2011ಕ್ಕೆ ಐ ಅಕ್ಷರ ಬಂತು. ಇಲ್ಯೂಡ್ ಡಿವಿನಮ್ ಇನ್ಸಾನಸ್."

"ಹಾಂ, ಜ್ವರದ ಮದ್ದು," ಎಂದ ಶೆಟ್ಟಿ.

ಭಟ್ಟ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಆಲ್ಬಮ್ 2003ರದ್ದು. ಎಂಟು ವರ್ಷ ಕಾದದ್ದು. ಹಳೆಯ ಗಾಯಕ ಡೇವಿಡ್ ವಿನ್ಸೆಂಟ್ ಬಿಟ್ಟು ಹೋಗಿದ್ದವನು ವಾಪಸ್ ಬಂದಿದ್ದ. ಅವನು ಹಾಡಿದ ಸ್ಟುಡಿಯೊ ಆಲ್ಬಮ್ 1995ರ ನಂತರ ಇದೇ ಮೊದಲು. ಮುಂಗಡವಾಗಿ ಒಂದು ಹಾಡು ಬಿಟ್ಟರು. ಅಪ್ಪಟ ಹಳೆ ಶೈಲಿ. ಭಟ್ಟ ಮೆಸ್ಸಿನ ದುಡ್ಡು ಉಳಿಸಿ ಸೀಡಿ ತರಿಸಿದ.

"ಸೀಡಿ ಹಾಕಿದೆ. ಮೊದಲನೆಯದು ಓಮ್ನಿ ಪೊಟೆನ್ಸ್..."

"ನಮ್ಮ ಓಮ್ನಿಯಾ?"

"ಅದು ಪೀಠಿಕೆ ಮಾರಾಯ, ಹಾಡಲ್ಲ. ಸರಿ ಅಂದ್ಕೊಂಡೆ. ಎರಡನೆಯದಕ್ಕೇ ಧಡ್ ಧಡ್ ಧಡ್ ಧಡ್. ಡಿಸ್ಕೋ! ಸೀಡಿ ಬದಲಾಗಿ ಬಂದಿದೆಯಾ ಅಂತ ಡಬ್ಬ ತಿರುಗಿಸಿ ನೋಡಿದೆ. ಇಲ್ಲಿ ಕೇಳು ಶೆಟ್ಟಿ, ನೀನು ಆಟಕ್ಕೆ ಹೋಗಿದ್ದಿ. ಚೆಂಡೆ ಪೆಟ್ಟು ಏರಿದೆ. ಪರದೆ ಹಿಂದೆ ಮಹಿಷಾಸುರ ಆರ್ಭಟೆ ಕೊಡ್ತಾ ಇದ್ದಾನೆ. ಪರದೆ ಸರಿದು ನೋಡಿದರೆ, ಮಹಿಷಾಸುರ ಕೂಲಿಂಗ್ ಗ್ಲಾಸ್ ಹಾಕಿ ಡೀಜೆಗೆ ಕುಣಿತಾ ಇದ್ದಾನೆ. ನಿನಗೆ ಹೇಗಾಗ್ತದೆ?"

ಶೆಟ್ಟಿ ನಿಜವಾಗಿಯೂ ಯೋಚನೆ ಮಾಡಿದ. "ಮಹಿಷಾಸುರ ಯಾರು ಮಾಡಿದ್ದು ಎನ್ನುವುದರ ಮೇಲೆ ಉಂಟು."

ಇದಕ್ಕೆ ಭಟ್ಟನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇಲ್ಲ. ಇವತ್ತಿಗೂ ಅದೇ ಸರಿಯಾದ ಮಾತು ಎಂದು ನನಗೆ ಅನಿಸುತ್ತದೆ.

ಆ ಸೀಡಿಯ ಕತೆ ನನಗೆ ಗೊತ್ತು. ಭಟ್ಟನ ಅಮ್ಮ ಅದಕ್ಕೆ ನೂಲು ಕಟ್ಟಿ ಹಿತ್ತಲಿನ ತೊಂಡೆ ಚಪ್ಪರಕ್ಕೆ ತೂಗುಹಾಕಿದ್ದರು, ನವಿಲು ಬಾರದ ಹಾಗೆ. ಬಿಸಿಲಿಗೆ ಹೊಳೆದು ತಿರುಗುತ್ತಿತ್ತು. ಹಾಡು ಕೇಳದೆಯೇ ನವಿಲುಗಳು ಓಡಿದವು. ಆ ವರ್ಷ ತೊಂಡೆಕಾಯಿ ಫಸಲು ಭಾರಿ ಚೆನ್ನಾಗಿತ್ತು.

"ಅದು ಶನಿಕಾಟದ ವರ್ಷ," ಎಂದ ಭಟ್ಟ. "ಜೂನಿನಲ್ಲಿ ಇದು. ಅಕ್ಟೋಬರ್ 30ಕ್ಕೆ ನಾವು ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿ ಹತ್ತಿ ಹೋಗಿ, ಬೆಂಗಳೂರು ಅರಮನೆ ಮೈದಾನದಲ್ಲಿ ಮೆಟಾಲಿಕಾ ನೋಡಿದೆವು. ಮರುದಿನವೇ ಅವರು ಹಳೆ ರಾಕ್ ಗಾಯಕ ಲೂ ರೀಡ್ ಜೊತೆ ಮಾಡಿದ ಆಲ್ಬಮ್ ಬಂತು. ಅವನು ಮಾತಾಡುವುದು, ಇವರು ಹಿಂದೆ ಗಿಟಾರ್ ಬಾರಿಸುವುದು."

"ತಾಳಮದ್ದಳೆ!" ಶೆಟ್ಟಿಗೆ ಖುಷಿಯಾಯಿತು.

"ಡಿಸೆಂಬರಿನಲ್ಲಿ ಕಾರ್ನ್ ಎನ್ನುವ ಮೆಟಲ್ ಬ್ಯಾಂಡಿನವರು ಸ್ಕ್ರಿಲೆಕ್ಸ್ ಮತ್ತು ಇನ್ನಷ್ಟು ಡಬ್‌ಸ್ಟೆಪ್‌ನವರನ್ನು, ಅಂದ್ರೆ ಕಂಪ್ಯೂಟರ್ ಸಂಗೀತದವರನ್ನು, ಕೂರಿಸಿ ಇಡೀ ಆಲ್ಬಮ್ ಮಾಡಿದರು. ಬ್ರೇಕ್ ಹಿಡಿಯದ ಲಾರಿಯ ಹಾಗೆ ಗುರ್ರ್ ಗುರ್ರ್ ಅಂತದೆ."

ಇಲ್ಲಿಯವರೆಗೆ ವಿಲ್ಲಿ ಚಾ ಕುಡಿಯುತ್ತಾ ಕೂತಿದ್ದ. ಈಗ ಲೋಟ ಇಟ್ಟ.

"ಸ್ಕ್ರಿಲೆಕ್ಸ್ ಎಲ್ಲಿಂದ ಬಂದದ್ದು? ಅವನೂ ಮೊದಲು ಬ್ಯಾಂಡಿನಲ್ಲಿ ಕಿರುಚಿ ಹಾಡ್ತಾ ಇದ್ದವನೇ. ಮತ್ತೆ ನಿನ್ನ ಮಾರ್ಬಿಡ್ ಏಂಜಲ್. 1994ರಲ್ಲೇ ಸ್ಲೊವೇನಿಯಾದ ಮೆಷಿನ್ ಸಂಗೀತದ ಬ್ಯಾಂಡ್ ಲೈಬಾಖ್ ಇವರ ಹಾಡುಗಳನ್ನು ರೀಮಿಕ್ಸ್ ಮಾಡಿತ್ತು. ಆವಾಗ ನಿನ್ನ ಮಡಿ ಎಲ್ಲಿತ್ತು?"

"ಆವಾಗ ನಾನು ಪ್ರೈಮರಿ ಶಾಲೆ."

"ಇನ್ನೊಂದು. ಟ್ರಿಗರ್ ಅಂದರೆ ಎಂತ ಗೊತ್ತಾ ಶೆಟ್ಟಿ? ಡ್ರಮ್ಮಿನ ಅಂಚಿಗೆ ಒಂದು ಸಣ್ಣ ಸೆನ್ಸರ್ ಸಿಕ್ಕಿಸ್ತಾರೆ. ಕಾಲಲ್ಲಿ ಒದ್ದರೆ ಸೆನ್ಸರಿಗೆ ತಿಳೀತದೆ. ಅದು ಪೆಟ್ಟಿಗೆಗೆ ಹೇಳ್ತದೆ. ಪೆಟ್ಟಿಗೆ ಮೊದಲೇ ರೆಕಾರ್ಡ್ ಮಾಡಿಟ್ಟ ಶಬ್ದ ಬಿಡ್ತದೆ. ಮೆಲ್ಲ ಒದ್ದರೂ ಜೋರು ಒದ್ದರೂ ಒಂದೇ ಶಬ್ದ ಬರುವ ಹಾಗೆ ಇಡಬಹುದು. ಡೆತ್ ಮೆಟಲ್ ಡ್ರಮ್ಮರುಗಳು ಎಷ್ಟೋ ವರ್ಷದಿಂದ ಇದನ್ನೇ ಮಾಡುವುದು. ಇವ ಅದನ್ನು ಕೇಳಿ ಕಣ್ಣಲ್ಲಿ ನೀರು ಹಾಕ್ತಾನೆ. ನಾನು ಕೀಬೋರ್ಡ್ ಒತ್ತಿದರೆ ಮಾತ್ರ ಮೈಲಿಗೆ!"

"ಒದೆಯುವುದು ಮನುಷ್ಯನ ಕಾಲು ಅಲ್ವಾ? ಬೆವರು ಉಂಟಲ್ಲ!" ಭಟ್ಟ ಮೇಜು ಗುದ್ದಿದ. ಚಟ್ನಿ ಅಲುಗಾಡಿತು.

"ಬೆವರು? ಆ ಆಲ್ಬಮ್ಮಿನಲ್ಲಿ ಅವರ ಹಳೆ ಡ್ರಮ್ಮರ್ ಸ್ಯಾಂಡೊವಾಲ್ ಯಾಕೆ ಇರಲಿಲ್ಲ? ಬೆನ್ನಿನ ಆಪರೇಷನ್. ಟಿಮ್ ಯಂಗ್ ಎನ್ನುವವನನ್ನು ಕೂರಿಸಿದರು. ಈಗ ನನ್ನ ಬೆನ್ನು ಕೇಳು. ಎರಡು ಬೇಸ್ ಡ್ರಮ್, ನಾಲ್ಕು ಟಾಮ್, ಸ್ಟ್ಯಾಂಡುಗಳು. ಮದುವೆ ಹಾಲ್ ಎರಡನೇ ಮಾಳಿಗೆ. ಡಾಕ್ಟ್ರು ಬೆಲ್ಟ್ ಕೊಟ್ಟಿದ್ದಾರೆ." ಅಂಗಿ ಎತ್ತಿ ತೋರಿಸಿಯೇಬಿಟ್ಟ. "ಮತ್ತೆ ಡ್ರಮ್ಸ್ ಹೊರುವುದು ಯಾವುದರಲ್ಲಿ? ಸ್ಕೂಟರಲ್ಲಾ?"

ಮೂವರೂ ಶೆಟ್ಟಿಯ ಮುಖ ನೋಡಿದೆವು.

"ಎಂತ? ನಾನೆಂತ ಮಾಡಿದೆ?"

"ಓಮ್ನಿ ಮಾರಿದ್ದು ಯಾರು?"

ಹೀಗೆ, ಮಂಗಳೂರಿನಲ್ಲಿ ಮೆಟಲ್ ಸಾಯಲು ಕಾರಣ ಯಾರು ಎನ್ನುವುದು ಮಲ್ಲಿಕಟ್ಟೆಯ ಆ ಹೋಟೆಲಿನಲ್ಲಿ ತೀರ್ಮಾನವಾಯಿತು. ಶೆಟ್ಟಿ ಪ್ರಾಯಶ್ಚಿತ್ತಕ್ಕೆ ಇನ್ನೊಂದು ಪ್ಲೇಟ್ ಗೋಳಿಬಜೆ ಹೇಳಿದ.

ಬಿಸಿ ಗೋಳಿಬಜೆ ಮುರಿದರೆ ಒಳಗಿನಿಂದ ಹಬೆ ಬರುತ್ತದಲ್ಲ, ಅದರ ಜೊತೆಗೇ ಒಂದು ಹಸಿಮೆಣಸಿನ ಚೂರು ಭಟ್ಟನ ಬಾಯಿಗೆ ಹೋಯಿತು. ಅವನು ನೀರು ಹುಡುಕುತ್ತಿದ್ದಾಗ ನನಗೆ ಮಾತಾಡಲು ಜಾಗ ಸಿಕ್ಕಿತು. ಬೇಸ್ ನುಡಿಸುವವನಿಗೆ ಇಂಥ ಅವಕಾಶ ಅಪರೂಪ.

ನಾನು ಹೇಳಿದ್ದು ಇಷ್ಟೇ. ಹಳೇ ಮೆಟಲ್ ಬ್ಯಾಂಡ್ ಜುದಾಸ್ ಪ್ರೀಸ್ಟ್ 1986ರಲ್ಲೇ ಗಿಟಾರಿನಿಂದ ಕೀಬೋರ್ಡಿನಂಥ ಶಬ್ದ ಬರಿಸುವ ಗಿಟಾರ್ ಸಿಂಥಸೈಜರ್ ಹಿಡಿದು ಟರ್ಬೋ ಎಂಬ ಆಲ್ಬಮ್ ಮಾಡಿತು. ಆಗಲೂ ಭಟ್ಟನಂಥವರು ಬೊಬ್ಬೆ ಹಾಕಿದ್ದರು. ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಪ್ಯಾರಡೈಸ್ ಲಾಸ್ಟ್ 1999ರಲ್ಲಿ ಹೋಸ್ಟ್ ಎಂಬ ಆಲ್ಬಮ್ ಮಾಡಿ ಕೀಬೋರ್ಡ್ ಪಾಪ್ ಸಂಗೀತದ ಡೆಪೆಷ್ ಮೋಡ್ ದಾರಿ ಹಿಡಿಯಿತು. ಎಲ್ಲರೂ ಬೈದರು. ಆದರೆ ಹಾಡುಗಳು ಚೆನ್ನಾಗಿದ್ದವು. ಆ ಬ್ಯಾಂಡಿನ ಇಬ್ಬರಿಗೆ ಅದರ ರುಚಿ ಬಿಡಲಿಲ್ಲ. 2023ರಲ್ಲಿ ಅದೇ ಹೋಸ್ಟ್ ಹೆಸರಿನಲ್ಲಿ ಬೇರೆ ಒಲೆ ಹೂಡಿ ಅದೇ ಅಡುಗೆ ಮಾಡಿದರು. ಮಾರ್ಬಿಡ್ ಏಂಜಲ್ ಮೆಷಿನ್ ತಂದದ್ದು ತಪ್ಪಲ್ಲ. ತಂದ ಮೆಷಿನ್ ಹಳೇದು. 2011ರಲ್ಲಿ ಹೊಸತು ಎಂದು ಬಡಿಸಿದ್ದು ನಮ್ಮ ಅಣ್ಣಂದಿರ ಕಾಲದ ಡಿಸ್ಕೋ. ಹಳಸಿದ ಹಿಟ್ಟಲ್ಲಿ ಗೋಳಿಬಜೆ ಬಿಟ್ಟರೆ ಎಣ್ಣೆಗೆ ಬೈದು ಪ್ರಯೋಜನ ಇಲ್ಲ.

"ಆಮೇಲೆ ಆ ಬ್ಯಾಂಡ್ ಎಂತ ಆಯ್ತು?" ಶೆಟ್ಟಿ ಕೇಳಿದ.

"2015ರಲ್ಲಿ ವಿನ್ಸೆಂಟ್ ಪುನಃ ಹೊರಗೆ. 2017ರಲ್ಲಿ ಕೆ ಅಕ್ಷರದ ಆಲ್ಬಮ್ ಬಂತು. ಪೂರ್ತಿ ಹಳೇ ಶೈಲಿ," ಎಂದ ಭಟ್ಟ. ಮೆಣಸಿನ ಖಾರಕ್ಕೋ ಭಕ್ತಿಗೋ, ಕಣ್ಣು ತುಂಬಿತ್ತು.

"ಅವ?"

"ಯಾರು?"

"ವಿನ್ಸೆಂಟ್."

ಭಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದ. "ಟೊಪ್ಪಿ ಹಾಕಿ ಕಂಟ್ರಿ ಹಾಡಲು ಹೋದ."

ವಿಲ್ಲಿಗೆ ನಗು ತಡೆಯಲಾಗದೆ ಚಾ ಮೂಗಿಗೆ ಹೋಯಿತು. ಅಷ್ಟರಲ್ಲಿ ಹೊರಗೆ ಎಲ್ಲೋ ದೊಡ್ಡ ಮರ ಮುರಿದ ಶಬ್ದ. ಕರೆಂಟು ಹೋಯಿತು. ಫ್ಯಾನು ನಿಂತಿತು. ಗಲ್ಲಾಪೆಟ್ಟಿಗೆಯ ಹತ್ತಿರ ಮೆಲ್ಲಗೆ ಹಾಡುತ್ತಿದ್ದ ರೇಡಿಯೊ ಸಾಲಿನ ಮಧ್ಯದಲ್ಲೇ ಸತ್ತಿತು. ಮಳೆ ಮಾತ್ರ ಕೇಳಿಸುತ್ತಿತ್ತು.

ಕತ್ತಲೆಯಲ್ಲಿ ವಿಲ್ಲಿ ಎರಡು ಚಮಚ ಎತ್ತಿಕೊಂಡ. ಸ್ಟೀಲ್ ಮೇಜಿನ ಮೇಲೆ ಟಕ್ಕ ಟಕ್ಕ ಎಂದು ಮೆಲ್ಲಗೆ ಶುರು ಮಾಡಿದವನು ಹಾಗೇ ಏರಿಸಿದ. ಹುಲಿವೇಷದ ತಾಸೆ. ಶೆಟ್ಟಿಯ ಭುಜ ತನ್ನಷ್ಟಕ್ಕೆ ಕುಣಿಯಿತು. ಆ ಪೆಟ್ಟು ಕೇಳಿ ಸುಮ್ಮನೆ ಕೂರುವ ಶೆಟ್ಟಿ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ನನ್ನ ಕಾಲಿಗೆ ಏನೋ ತಾಗುತ್ತಿತ್ತು. ಬಗ್ಗಿ ನೋಡಿದರೆ ಭಟ್ಟನ ಚಪ್ಪಲಿ, ಸರಿಯಾಗಿ ತಾಳಕ್ಕೆ.

ವಿಲ್ಲಿ ನಿಲ್ಲಿಸಿದ. "ಇದಕ್ಕೆ ಕರೆಂಟ್ ಬೇಡ. ಈಗ ನಿನ್ನ ಗಿಟಾರ್ ಬಾರಿಸು ನೋಡುವ. ಪ್ಲಗ್ ಹಾಕದಿದ್ದರೆ ನಿನ್ನ ಡೆತ್ ಮೆಟಲ್ ಸೊಳ್ಳೆ ಕೂಗಿದ ಹಾಗೆ ಕೇಳ್ತದೆ. ಹುಟ್ಟಿದ್ದೇ ಕರೆಂಟಿನಲ್ಲಿ, ಈಗ ಕರೆಂಟಿನ ಸಂಗೀತ ಆಯ್ತು ಅಂತ ಅಳುವುದು!"

"ಬ್ಯಾಟರಿ ಆಂಪ್ ಉಂಟು ನನ್ನ ಹತ್ರ," ಎಂದ ಭಟ್ಟ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಉಂಟಾ? ಒಳ್ಳೇದಾಯ್ತು. ಬರುವ ಶನಿವಾರ ಕುಲಶೇಖರದಲ್ಲಿ ಒಂದು ರೋಸ್. ನಮ್ಮ ಗಿಟಾರಿನವ ದುಬೈಗೆ ಹೋಗಿದ್ದಾನೆ. ಬರ್ತೀಯಾ?"

"ಬೈಲಾಕ್ಕಾ? ಆ ಕೀಬೋರ್ಡಿನ ಬದಿಯಲ್ಲಿ ನಿಂತಾ?"

"ಊಟ ಉಂಟು. ಪೇಮೆಂಟ್ ಉಂಟು."

ಕರೆಂಟು ಬಂತು. ಭಟ್ಟನ ಮುಖ ಸರಿಯಾಗಿ ಕಂಡಿತು. ಅವನು ಕೊನೆಯ ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿ, ಯಾರ ಮುಖವನ್ನೂ ನೋಡದೆ ಕೇಳಿದ.

"ನನ್ನ ಸೋಲೋಗೆ ಎಷ್ಟು ಆವರ್ತ ಕೊಡ್ತೀಯಾ?"

"ಎಂಟು."

"ಹದಿನಾರಾದ್ರೆ ಬರ್ತೇನೆ."