ಸಿಗಂದೂರು ಲಾಂಚ್: ಬೇಸಿಗೆ ಬಂದರೆ ಮೊದಲು ಬಸ್ ಯಾಕೆ ನಿಲ್ಲುತ್ತಿತ್ತು?

ಪ್ರಶ್ನೆ:
ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತಲ್ಲ, ಅದಕ್ಕೂ ಹಿಂದೆ ಶರಾವತಿ ಹಿನ್ನೀರಿನಲ್ಲಿ ಜನ, ವಾಹನ ದಾಟಿಸುತ್ತಿದ್ದ ಲಾಂಚ್ ಬಗ್ಗೆ ಟಿಪ್ಪಣಿ ಮಾಡುತ್ತಿದ್ದೇನೆ. ಬೇಸಿಗೆಯಲ್ಲೂ ಅಲ್ಲಿ ಅಷ್ಟಗಲ ನೀರು ಇರುತ್ತಿತ್ತು. ಆದರೂ ದೊಡ್ಡ ವಾಹನಗಳನ್ನೇ ಮೊದಲು ನಿಲ್ಲಿಸುತ್ತಿದ್ದದ್ದು ಯಾಕೆ? ಇನ್ನೊಂದು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಮೊದಲು ಅಲ್ಲಿದ್ದದ್ದು ಬರೀ ಹೊಳೆಯೇ?

ಉತ್ತರ 1:
ನಡುನೀರಿನ ಆಳ ಲೆಕ್ಕಕ್ಕೇ ಬರುವುದಿಲ್ಲ, ತೊಂದರೆಯೆಲ್ಲ ದಡದಲ್ಲಿ. ಲಾಂಚಿನ ತಳ ಚಪ್ಪಟೆ. ತುದಿಯ ಹಲಗೆ ಇಳಿಸಿ ದಡಕ್ಕೆ ಆನಿಸಿದರೆ ಮಾತ್ರ ಗಾಡಿ ಹತ್ತಬಹುದು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಅದರ ಹತ್ತಿರ ನೀರಿದ್ದಾಗ ಕಷ್ಟವಿಲ್ಲ. ನೀರು ಇಳಿದಂತೆ ದಡವೂ ಕೆಳಗೆ ಸರಿಯುತ್ತದೆ, ಲಾಂಚ್ ಕೆಸರಿಗೆ ಬಂದು ನಿಲ್ಲಬೇಕಾಗುತ್ತದೆ. ಬಸ್ಸಿನ ಮುಂದಿನ ಚಕ್ರ ಹಲಗೆ ಏರಿದ ಕೂಡಲೇ ಲಾಂಚಿನ ಆ ತುದಿ ತಗ್ಗುತ್ತದೆ. ತಳದ ಕೆಳಗೆ ಒಂದಿಷ್ಟು ನೀರು ಇಲ್ಲದಿದ್ದರೆ ಅಲ್ಲೇ ಕೂತುಬಿಡುತ್ತದೆ. ಎಂಜಿನ್ ಎಷ್ಟು ಎಳೆದರೂ ಕದಲುವುದಿಲ್ಲ, ಗಾಡಿ ವಾಪಸ್ ಇಳಿಸಲೇಬೇಕು. ಇಳಿಜಾರು ಕಡಿದಾದರೆ ಬಸ್ಸಿನ ಹಿಂಭಾಗ ನೆಲಕ್ಕೆ ಉಜ್ಜುವುದು ಬೇರೆ. ಕಾರು, ಬೈಕಿಗೆ ಅಷ್ಟು ತಗ್ಗುವುದಿಲ್ಲ. ಅದಕ್ಕೇ ಮೊದಲು ಬಸ್ಸು-ಲಾರಿ, ಆಮೇಲೆ ಸಣ್ಣ ವಾಹನ ನಿಲ್ಲಿಸುತ್ತಿದ್ದರು, ಕೊನೆಗೆ ಜನರನ್ನಷ್ಟೇ ದಾಟಿಸುತ್ತಿದ್ದರು.

ಮುಳುಗಡೆ ಕಾಡಿನ ಬೊಡ್ಡೆಗಳನ್ನೂ ಮರೆಯಬೇಡಿ. ಅರ್ಧ ಅಡಿ ನೀರಿನಡಿ ಇರುವ ಬೊಡ್ಡೆ ಮೇಲಿನಿಂದ ಕಾಣುವುದಿಲ್ಲ, ಪ್ರೊಪೆಲ್ಲರಿಗೆ ಬಡಿದರೆ ಅದರ ಅಲಗು ಬಾಗುತ್ತದೆ.

ಉತ್ತರ 2:
ಹೊಳೆಯಿಂದ ನೇರ ಲಿಂಗನಮಕ್ಕಿಗೆ ಹಾರಬೇಡಿ. ಜೋಗದ ವಿದ್ಯುದಾಗಾರಕ್ಕಾಗಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರ ಹೊತ್ತಿಗೇ ಇತ್ತು. ಆಮೇಲೆ ಆ ಅಣೆಕಟ್ಟೂ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ವರ್ಷ ಮೇಲೆ ಕಾಣುತ್ತದೆ. ಅಂದರೆ ಶರಾವತಿ ಕಣಿವೆಯ ಜನ ಎರಡು ಸಲ ಮುಳುಗಡೆ ಕಂಡಿದ್ದಾರೆ. ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಸಾಗರದ ಆಸ್ಪತ್ರೆ, ಕಾಲೇಜು, ಕಚೇರಿ ಎಲ್ಲಕ್ಕೂ ಲಾಂಚೇ ದಾರಿ ಆದದ್ದು ಹೀಗೆ. ದಯವಿಟ್ಟು ‘ಪ್ರಾಚೀನ ಕಡವು’ ಎಂದು ಬರೆಯಬೇಡಿ. ವಿದ್ಯುತ್ತಿಗಾಗಿ ಊರು ಬಿಟ್ಟುಕೊಟ್ಟವರ ನೋವು ಆ ಒಂದು ಪದದಲ್ಲಿ ಮುಚ್ಚಿಹೋಗುತ್ತದೆ.

ಉತ್ತರ 3:
ಒಂದು ಸೇರ್ಪಡೆ. ಸೇತುವೆಗೆ ಶಂಕುಸ್ಥಾಪನೆ ಆದದ್ದು 2018ರಲ್ಲಿ, ಉದ್ದ ಸುಮಾರು 2.44 ಕಿ.ಮೀ. ಈ ಅಂಕಿಯನ್ನೇ ಲಾಂಚ್ ಹಾದಿಯ ಉದ್ದ ಎಂದು ಹಾಕಬೇಡಿ. ನೀರಿನ ಮಟ್ಟಕ್ಕೆ ತಕ್ಕಂತೆ ದಡ ಸರಿಯುತ್ತಿತ್ತು, ಲಾಂಚ್ ಕ್ರಮಿಸುವ ದೂರವೂ ಬದಲಾಗುತ್ತಿತ್ತು. ಹಳೇ ಫೋಟೊ ಬಳಸುವುದಾದರೆ ಪ್ರತಿಯೊಂದಕ್ಕೂ ತಿಂಗಳು ನಮೂದಿಸಿ; ಅಕ್ಟೋಬರಿನ ದಡವೂ ಮೇ ತಿಂಗಳ ದಡವೂ ಒಂದೇ ಜಾಗ ಅಂತ ಅನ್ನಿಸುವುದೇ ಇಲ್ಲ.