ಕಾಲಿಗೆ ಇಳಿಯುವ ಸೊಂಟ ನೋವು: ಮುಂದಕ್ಕೆ ಬಗ್ಗಬೇಕಾ, ಹಿಂದಕ್ಕಾ?

ತೋಟದಮನೆ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಅಡಿಕೆ ಸುಲಿತದ ಕಾಲದಲ್ಲಿ ರಾತ್ರಿ ತುಂಬಾ ಹೊತ್ತು ಮೆಟ್ಟುಗತ್ತಿ ಮುಂದೆ ಬಗ್ಗಿ ಕೂರುತ್ತೇನೆ. ಈ ಸಲ ಸೊಂಟದ ಬಲಗಡೆ ಶುರುವಾದ ನೋವು ಪಿರ್ರೆ, ತೊಡೆ ದಾಟಿ ಮೀನಖಂಡಕ್ಕೆ ಬಂದಿದೆ. ಕೂತರೆ ಜಾಸ್ತಿ, ತೋಟದಲ್ಲಿ ಓಡಾಡಿದರೆ ಕಡಿಮೆ. ಬೆಳಿಗ್ಗೆ ಮುಖ ತೊಳೆಯಲು ಬಗ್ಗುವುದೇ ಕಷ್ಟ. ಎಂಆರ್‌ಐನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂದು ಬಂತು. ಒಬ್ಬರು ಮಂಡಿಯನ್ನು ಎದೆಗೆ ಎಳೆದುಕೊಳ್ಳಿ ಎಂದರು. ಇನ್ನೊಬ್ಬರು ಬೋರಲು ಮಲಗಿ ಎದೆ ಎತ್ತಿ ಎಂದರು. ಎರಡೂ ಸರಿ ಇರಲು ಹೇಗೆ ಸಾಧ್ಯ? ಆಪರೇಷನ್ ಬೇಕಾಗಬಹುದೇನೋ ಎಂದು ನಮ್ಮ ಯಜಮಾನರಿಗೂ ಭಯ.

ಫಿಸಿಯೋ_ಶಿವಮೊಗ್ಗ:
ಅಕ್ಕಾ, ಮೊದಲು ಇದಕ್ಕೆ ಉತ್ತರ ಕೊಡಿ. ಮೂತ್ರ ಕಟ್ಟುತ್ತಿದೆಯಾ, ಅಥವಾ ಗೊತ್ತಾಗದೆ ಹೋಗುತ್ತಿದೆಯಾ? ತೊಡೆಗಳ ನಡುವೆ ಮರಗಟ್ಟಿದೆಯಾ? ಪಾದ ಎತ್ತಲು ಬಲ ಕಡಿಮೆಯಾಗುತ್ತಿದೆಯಾ? ಇವುಗಳಲ್ಲಿ ಒಂದು ಇದ್ದರೂ ವ್ಯಾಯಾಮದ ಮಾತೇ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ಡಾಕ್ಟರಿಗೆ ಹೇಳಲೇಬೇಕು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ.

ಎಂಆರ್‌ಐ ನೋಡಿ ಹೆದರಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ಅಧ್ಯಯನದಲ್ಲಿ, 40ರ ಪ್ರಾಯದವರಲ್ಲಿ ಸುಮಾರು ಅರ್ಧ ಜನಕ್ಕೆ ಡಿಸ್ಕ್ ಉಬ್ಬಿತ್ತು. ಉಬ್ಬಿರುವುದು ನಿಜ, ಆದರೆ ನಿಮಗೆ ಯಾವ ಕಡೆಯ ಚಲನೆ ಒಗ್ಗುತ್ತದೆ ಅಂತ ಆ ಫಿಲ್ಮ್ ಹೇಳಲ್ಲ. ಅದನ್ನು ನಿಮ್ಮ ಕಾಲೇ ಹೇಳಬೇಕು.

1956ರಲ್ಲಿ ನ್ಯೂಜಿಲೆಂಡ್‌ನ ವೆಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋ ಹತ್ತಿರ ಕಾಲು ನೋವಿನ ರೋಗಿಯೊಬ್ಬ ಬರುತ್ತಿದ್ದ. ಏನು ಮಾಡಿದರೂ ಗುಣ ಕಂಡಿರಲಿಲ್ಲ. ಒಂದು ದಿನ ಬೋರಲು ಮಲಗಿರಿ ಎಂದು ಹೇಳಿ ಅವರು ಬೇರೆ ಕೆಲಸಕ್ಕೆ ಹೋದರು. ಮಂಚದ ತಲೆಭಾಗ ಎತ್ತಿಟ್ಟದ್ದು ಹಾಗೇ ಇತ್ತು. ಬಂದು ನೋಡಿದರೆ ಆತ ಬೆನ್ನು ಹಿಂದಕ್ಕೆ ಬಾಗಿಸಿಕೊಂಡು ಮಲಗಿದ್ದ. ಆ ಭಂಗಿ ಅಪಾಯ ಎಂದೇ ಆಗ ನಂಬಿದ್ದರು. ಆದರೆ ಕಾಲು ನೋವು ಹೋಗಿ, ಸೊಂಟದ ನಡುವೆ ಮಾತ್ರ ಉಳಿದಿತ್ತು. ನಾವು ಇವತ್ತು ಮಾಡುವ ಪರೀಕ್ಷೆ ಬೆಳೆದದ್ದು ಅಲ್ಲಿಂದ.

ನೀವೂ ಮಾಡಿ ನೋಡಿ. ಈಗ ನೋವು ಎಲ್ಲಿಯವರೆಗೆ ಇದೆ ಅಂತ ಗುರುತಿಟ್ಟುಕೊಳ್ಳಿ. ಚಾಪೆ ಮೇಲೆ ಒಂದೆರಡು ನಿಮಿಷ ಬೋರಲು ಮಲಗಿ. ಆಮೇಲೆ ಮೊಣಕೈ ಊರಿ ಎದೆ ಎತ್ತಿ, ಸ್ವಲ್ಪ ಹೊತ್ತು ಇರಿ. ತಡೆದುಕೊಳ್ಳಬಹುದು ಅನ್ನಿಸಿದರೆ ಅಂಗೈ ಊರಿ ನಿಧಾನ ಎತ್ತಿ ಇಳಿಸಿ, 10 ಸಲ. ಭುಜಂಗಾಸನದ ಹಾಗೆ ಕಾಣುತ್ತದೆ, ಆದರೆ ಇಲ್ಲಿ ಬೆನ್ನು ಬಿಗಿ ಮಾಡಬಾರದು. ಎತ್ತುವ ಕೆಲಸವೆಲ್ಲ ಕೈಯದ್ದು. ಸೊಂಟ ಸಡಿಲ ಬಿಟ್ಟು ನೆಲಕ್ಕೇ ಇರಲಿ.

ಮೀನಖಂಡದ ನೋವು ತೊಡೆಗೆ, ಪಿರ್ರೆಗೆ ಹಿಂದೆ ಸರಿದರೆ ಅದೇ ನಿಮ್ಮ ದಿಕ್ಕು. ಆಗ ಸೊಂಟ ಮೊದಲಿಗಿಂತ ಜಾಸ್ತಿ ನೊಂದರೂ ಗಾಬರಿ ಬೇಡ. ನೋವು ಪಾದದ ಕಡೆ ಇಳಿದು ಅಲ್ಲೇ ನಿಂತರೆ ತಕ್ಷಣ ನಿಲ್ಲಿಸಿ.

ನಿವೃತ್ತ_ಮೇಷ್ಟ್ರು (ಸಾಗರ):
ನನಗೆ 71. ಇದೇ ವ್ಯಾಯಾಮ ವಿಡಿಯೋ ನೋಡಿ ಮಾಡಿದೆ, ಎರಡೂ ಕಾಲು ಸೆಳೆತ ಬಂತು. ಬಸ್ ಸ್ಟ್ಯಾಂಡ್‌ವರೆಗೆ ನಡೆದರೆ ಕಾಲು ಭಾರ, ಕಟ್ಟೆ ಮೇಲೆ ಕೂತರೆ ಐದು ನಿಮಿಷದಲ್ಲಿ ಸರಿ. ಹಾಗಾಗಿ ಎಲ್ಲರಿಗೂ ಇದನ್ನೇ ಹೇಳುವುದು ತಪ್ಪಲ್ಲವೇ?

ಫಿಸಿಯೋ_ಶಿವಮೊಗ್ಗ:
ಸಾರ್, ನೀವು ಹೇಳಿದ್ದು ಇಲ್ಲಿ ಬರಲೇಬೇಕಿತ್ತು. ನಡೆದರೆ ಭಾರ, ಕೂತರೆ ಹಗುರ ಅಂದರೆ ನರ ಹಾದುಹೋಗುವ ಜಾಗ ಕಿರಿದಾಗಿರುವ ಸಾಧ್ಯತೆ ಜಾಸ್ತಿ. ಹಿಂದಕ್ಕೆ ಬಾಗಿದರೆ ಆ ಜಾಗ ಇನ್ನೂ ಕಿರಿದಾಗುತ್ತದೆ, ಮುಂದಕ್ಕೆ ಬಗ್ಗಿದರೆ ಅಗಲವಾಗುತ್ತದೆ. ಹಾಗಾಗಿ ಮಂಡಿ ಎದೆಗೆ ಎಳೆಯುವುದು ನಿಮಗೆ ಒಗ್ಗಬಹುದು. ಆದರೆ ಕಾಲಿನ ರಕ್ತನಾಳ ಕಟ್ಟಿದರೂ ನಡೆದಾಗ ಹೀಗೇ ಆಗುತ್ತದೆ. ಪಾದದ ನಾಡಿಯನ್ನು ಡಾಕ್ಟರ್ ಹತ್ತಿರ ಒಮ್ಮೆ ನೋಡಿಸಿ. ಅಕ್ಕನಿಗೆ ಕೂತರೆ ಜಾಸ್ತಿ, ನಡೆದರೆ ಕಡಿಮೆ. ಪೂರ್ತಿ ಉಲ್ಟಾ, ಅಲ್ವಾ? ಅದಕ್ಕೇ ಪರೀಕ್ಷೆ ಮಾಡದೆ ವ್ಯಾಯಾಮದ ಚೀಟಿ ಬರೆದುಕೊಡುವುದನ್ನು ನಾನು ಒಪ್ಪುವುದಿಲ್ಲ.

ತೋಟದಮನೆ:
ನೀವು ಹೇಳಿದ ಅಪಾಯದ ಲಕ್ಷಣ ಯಾವುದೂ ಇಲ್ಲ. ತುದಿಗಾಲಲ್ಲೂ ಹಿಮ್ಮಡಿ ಮೇಲೂ ನಡೆಯಲು ಆಗುತ್ತದೆ. ಮೊಣಕೈ ಊರಿದಾಗ ಮೊದಲು ಏನೂ ಗೊತ್ತಾಗಲಿಲ್ಲ. ಕೈ ಊರಿ ಎತ್ತುತ್ತಾ ಹೋದಂತೆ ಮೀನಖಂಡದ ಜುಮುಜುಮು ನಿಂತಿತು. ಈಗ ಪಿರ್ರೆ ಮತ್ತು ಸೊಂಟದಲ್ಲಿದೆ. ಆದರೆ ಅರ್ಧ ಗಂಟೆ ಸುಲಿಯಲು ಕೂತರೆ ಮತ್ತೆ ಇಳಿಯುತ್ತದೆ.

ಫಿಸಿಯೋ_ಶಿವಮೊಗ್ಗ:
ತುಂಬಾ ಖುಷಿಯಾಯಿತು ಅಕ್ಕಾ! ಈಗ ಎರಡು ಮೂರು ಗಂಟೆಗೊಮ್ಮೆ 10 ಸಲ ಮಾಡಿ. ದಿನಕ್ಕೊಮ್ಮೆ ಮಾಡಿದರೆ ಸಾಲದು, ಬಗ್ಗಿ ಕೂತದ್ದು ಅದನ್ನೆಲ್ಲ ಅಳಿಸಿಬಿಡುತ್ತದೆ. ಬೆಳಿಗ್ಗೆ ಎದ್ದು ಮೊದಲ ಒಂದು ಗಂಟೆ ಬಗ್ಗಬೇಡಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಬಿಗಿಯಾಗಿರುತ್ತದೆ. ಕಸ ಗುಡಿಸುವುದು, ಕೊಟ್ಟಿಗೆ ಕೆಲಸ ಬೇರೆಯವರು ನೋಡಿಕೊಳ್ಳಲಿ ಎಂದು ಯಜಮಾನರಿಗೆ ನೇರವಾಗಿ ಹೇಳಿ.

ಸುಲಿತ ಸದ್ಯಕ್ಕೆ ಬಿಟ್ಟರೆ ಒಳ್ಳೆಯದು. ಬಿಡಲು ಆಗದಿದ್ದರೆ ಕೂರುವ ಮಣೆ ಎತ್ತರ ಮಾಡಿ, ಮೆಟ್ಟುಗತ್ತಿಯನ್ನೂ ಅದಕ್ಕೆ ತಕ್ಕಂತೆ ಎತ್ತರಿಸಿ. 20 ನಿಮಿಷಕ್ಕೊಮ್ಮೆ ಎದ್ದು, ಸೊಂಟಕ್ಕೆ ಕೈ ಇಟ್ಟು ಐದಾರು ಸಲ ಹಿಂದಕ್ಕೆ ಬಾಗಿ. ಇಡೀ ದಿನ ಮಲಗಬೇಡಿ, ನಡೆಯುತ್ತಿರಿ.

ಕಾಲು ನೋವು ಪೂರ್ತಿ ಹೋಗಿ ಕೆಲವು ದಿನ ಹಾಗೇ ಉಳಿದ ಮೇಲೆ ಮುಂದಕ್ಕೆ ಬಗ್ಗುವುದನ್ನೂ ಸ್ವಲ್ಪ ಸ್ವಲ್ಪವೇ ಶುರು ಮಾಡಬೇಕು. ಅದನ್ನು ಬಿಟ್ಟರೆ ಬೆನ್ನು ಬಿಗಿಯಾಗಿಯೇ ಉಳಿಯುತ್ತದೆ. ಆ ಹಂತವನ್ನು ಮಾತ್ರ ಹತ್ತಿರದ ಫಿಸಿಯೋ ಎದುರಲ್ಲೇ ಮಾಡಿ. ಎರಡು ವಾರದಲ್ಲಿ ಏನೂ ಬದಲಾಗದಿದ್ದರೂ ಹೋಗಿ ತೋರಿಸಿ, ಇಲ್ಲೂ ಬರೆಯಿರಿ.